ಹಗ್ಗಕ್ಕೆ ಒಬ್ಬ ಕಡಿಮೆ

ವಿಲ್ಲಾ ಬುಕ್ ಮಾಡಿ. ನಾನು ಬೇಡ ಎನ್ನುವುದಿಲ್ಲ. ರಶ್ಮಿತಾ, ನೀನು ಮೊಬೈಲಿನಲ್ಲಿ ತೋರಿಸಿದ ಪಟ ನನಗೂ ಹಿಡಿಸಿತು. ಜಗಲಿಯಲ್ಲಿ ಕುಳಿತರೆ ಬಲಕ್ಕೆ ಬೇಕಲದ ಕೋಟೆ, ಎದುರು ಸಮುದ್ರ, ಕಾಲು ಚಾಚಿದರೆ ಮರಳು. ಹೋಗುವ, ಎಲ್ಲರೂ ಹೋಗುವ. ಆದರೆ ಮೊದಲು ಆ ಬಾಗಿಲು ಹಾಕಿ ಹತ್ತಿರ ಕುಳಿತುಕೊಳ್ಳಿ. ಕರೆಂಟ್ ಬರುವವರೆಗೆ ಒಂದು ಸಂಗತಿ ಹೇಳಲಿಕ್ಕುಂಟು.

ಈ ಮಾವ ಹೆದರುವ ಜನ ಅಲ್ಲ ಎಂದು ನಿಮಗೆ ಗೊತ್ತುಂಟು. ಅಗಲ್ಪಾಡಿಯ ಗುಡ್ಡದಲ್ಲಿ ಕಾಡುಹಂದಿ ಎದುರಾದಾಗ ದಾರಿ ಬಿಟ್ಟುಕೊಟ್ಟದ್ದು ಹಂದಿ, ನಾನಲ್ಲ. ಪೆರ್ಲದ ಒಂದು ದೆವ್ವ ನನ್ನ ಗೊರಕೆ ಕೇಳಿ ಊರು ಬಿಟ್ಟಿತೆಂದು ಜನ ಈಗಲೂ ಹೇಳುತ್ತಾರೆ. ಅವರು ಮರೆತರೆ ನಾನು ನೆನಪು ಮಾಡುತ್ತೇನೆ. ಅದನ್ನೆಲ್ಲ ಬೇಕಾದರೆ ನಂಬಿ, ಬೇಡವಾದರೆ ಬಿಡಿ. ಈಗ ಹೇಳುವುದನ್ನು ಮಾತ್ರ... ನಗಬೇಡಿ.

ಮುಳ್ಳೇರಿಯದ ಅಮ್ಮಣಿ ಅಕ್ಕ, ನನ್ನ ದೊಡ್ಡಮ್ಮನ ಮಗಳು. ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವ ವಿನೀತ್, ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಚಿಕ್ಕವ ಅಶ್ವಿತ್, ಶಾರ್ಜಾದಲ್ಲಿ ಕೆಲಸ. ಅವರ ಅಪ್ಪ ಚೆನ್ನಪ್ಪ ಭಾವ ಕಡಲ ಬದಿಯವರು. ಅವರಿದ್ದಾಗ ಹುಡುಗರ ದೊಡ್ಡ ರಜೆಯೆಲ್ಲ ಕಡಲ ಕರೆಯಲ್ಲೇ, ದಡದ ಮರಳಿನಲ್ಲೇ ಕಳೆಯುತ್ತಿತ್ತು. ಆಗ ಅಲ್ಲಿ ಕೈರಂಪಣಿ ಇತ್ತು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ನೀರಿಗೆ ಬಿಡುವುದು, ಆಮೇಲೆ ದಡದಲ್ಲಿ ಸಾಲಾಗಿ ನಿಂತು ಎರಡು ತುದಿಯ ಹಗ್ಗ ಹಿಡಿದು ಎಳೆಯುವುದು. ಅದಕ್ಕೊಂದು ಕ್ರಮ ಉಂಟು. ದಾರಿಯಲ್ಲಿ ಹೋಗುವವನಾದರೂ ಹಗ್ಗಕ್ಕೆ ಕೈ ಹಾಕಿದರೆ ಅವನ ಮನೆಗೆ ಒಂದು ಪಾಲು ಮೀನು. ಮತ್ತೆ, ಪಾಲು ತಿಂದವ ಮುಂದಿನ ಬಲೆಗೆ ಬರಬೇಕು. ಅದೂ ಕ್ರಮವೇ. ಈ ಹುಡುಗರಿಬ್ಬರು ಹಗ್ಗಕ್ಕೆ ನೇತುಬೀಳುತ್ತಿದ್ದದ್ದೇ ಹೆಚ್ಚು, ಎಳೆದದ್ದು ಕಡಿಮೆ. ಆದರೂ ಪಾಲು ಹಿಡಿದುಕೊಂಡು ರಾಜರ ಹಾಗೆ ಮನೆಗೆ ಬರುತ್ತಿದ್ದರು.

ಹೋದ ಡಿಸೆಂಬರಿನಲ್ಲಿ ಅಶ್ವಿತ್ ರಜೆಗೆ ಬಂದ. ಅವನು ತಂದ ರಟ್ಟಿನ ಪೆಟ್ಟಿಗೆಯನ್ನು ನಾನೇ ಬಿಚ್ಚುತ್ತೇನೆಂದು ಮುಂದೆ ಹೋದೆ. ಎಮ್ಮೆಯನ್ನು ಕಟ್ಟಿದ ಗಂಟು, ಲಾರಿಯವರ ಗಂಟು, ಬಿಚ್ಚದ ಗಂಟಿಲ್ಲ ನಾನು. ಆ ಪೆಟ್ಟಿಗೆಯ ಗಂಟು ಮಾತ್ರ ಬಿಡಲೇ ಇಲ್ಲ. ಅಶ್ವಿತ್ ಎಡಚ. ಎಲ್ಲರೂ ಸುತ್ತುವ ಕಡೆಗೆ ವಿರುದ್ಧ ಸುತ್ತಿ, ತುದಿಯನ್ನು ಒಳಗೆ ಅಡಗಿಸಿ ಗಂಟು ಹಾಕುವುದು ಚಿಕ್ಕಂದಿನಿಂದ ಅವನ ಅಭ್ಯಾಸ. ಅದಕ್ಕೆ ಅಪ್ಪನ ಕೈಯಿಂದ ಬೈಸಿಕೊಂಡದ್ದೂ ಉಂಟು. ಕೊನೆಗೆ ಕತ್ತಿಯಲ್ಲಿ ಕೊಯ್ದೆವು. "ಮಾವನ ಉಗುರು ಹೋಯ್ತು, ಮಾನವೂ ಹೋಯ್ತು," ಎಂದು ಅವನು ನಕ್ಕ.

ಅಮ್ಮಣಿ ಅಕ್ಕನಿಗೆ ಒಂದೇ ಆಸೆ. ಮಗ ಹಿಂದೆ ಹೋಗುವ ಮೊದಲು ಒಂದು ರಾತ್ರಿ ಅವರಪ್ಪನ ಕಡಲಿನ ಶಬ್ದ ಕೇಳುತ್ತಾ, ಇಬ್ಬರನ್ನೂ ಆಚೆ ಈಚೆ ಹಾಕಿಕೊಂಡು ಮಲಗಬೇಕು. ಹಾಗೆ ಹುಟ್ಟಿದ್ದು ವಿಲ್ಲಾದ ಯೋಚನೆ. ವಿನೀತ್ ಫೋನಿನಲ್ಲಿ ನೋಡಿ ನೋಡಿ ಬೇಕಲದಲ್ಲಿ ಒಂದನ್ನು ಆರಿಸಿದ. ಪಟವನ್ನು ನಂಬುವ ಜನ ಅಲ್ಲ ಅವನು. ಅಮ್ಮನಿಗೆ ಮೆಟ್ಟಲಿಲ್ಲದ ರೂಮು ಉಂಟೋ, ಅಡುಗೆಕೋಣೆಯಲ್ಲಿ ಮೀನು ಮಾಡಲಿಕ್ಕೆ ಬಿಡುತ್ತಾರೋ, ಎಲ್ಲ ಕಣ್ಣಾರೆ ನೋಡಿ ಬರುತ್ತೇನೆಂದು ಒಂದು ಭಾನುವಾರ ಸಂಜೆ ಹೊರಟ. ಅಶ್ವಿತ್ ಮನೆಯಲ್ಲಿ ಉಳಿದ.

ಹೈವೇ ಕೆಲಸದಿಂದ ವಿಲ್ಲಾದ ದಾರಿಯನ್ನು ಅಗೆದು ಹಾಕಿದ್ದರು. ಕಾರನ್ನು ಕೋಟೆಯ ಬದಿಯಲ್ಲಿ ನಿಲ್ಲಿಸಿ ಅವನು ನಡೆದೇ ಹೋದ. ವಿಲ್ಲಾ ನೋಡಿಕೊಳ್ಳುವವರು ಮಮ್ಮುಂಞಿ ಎಂಬ ಮುದುಕರು. ಒಳ್ಳೆಯ ಮಾತುಗಾರರು. ರೂಮು ತೋರಿಸಿ, ಚಾ ಮಾಡಿ ಕೊಟ್ಟು, ಮೀನೆಂತ, ಆನೆಯನ್ನು ಬೇಕಾದರೂ ಬೇಯಿಸಿ ಎಂದರಂತೆ. ಹಾಲಿನ ಗೋಡೆಯಲ್ಲಿ ಚಂದಕ್ಕೆಂದು ಹಳೆಯ ಬಲೆಯ ಮರದ ತೇಲುಗುಂಡುಗಳನ್ನು ತೂಗುಹಾಕಿದ್ದರು. ವಿನೀತ್ ಅದನ್ನು ಮುಟ್ಟಿ, ಇಲ್ಲಿ ಈಗಲೂ ಬಲೆ ಎಳೆಯುವುದುಂಟಾ ಎಂದು ಕೇಳಿದ. ಮುದುಕರ ಮಾತು ಅಲ್ಲಿಗೆ ಸಣ್ಣದಾಯ್ತು.

"ಇಲ್ಲ ಮೋನೇ. ಈ ಮನೆ ಇರುವಲ್ಲಿ ಬಲೆಯ ಶೆಡ್ ಇತ್ತು. ಆ ಜನ ಒಂದು ಮಳೆಗಾಲದಲ್ಲಿ ದೋಣಿ ಸಮೇತ ಮುಳುಗಿ ಹೋದರು. ಮತ್ತೆ ಇಲ್ಲಿ ಯಾರೂ ಎಳೆಯಲಿಲ್ಲ."

ಹೊರಡುವಾಗ, ದಾರಿ ಅಗೆದಿದ್ದರೂ ಅಡ್ಡಿಯಿಲ್ಲ, ರಸ್ತೆಯಲ್ಲೇ ಹೋಗು ಎಂದರು. ರಸ್ತೆಯಲ್ಲಿ ಎಲ್ಲ ಕೆಸರು, ಹೊಂಡ. ವಿನೀತ್ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗೆ ಇಳಿದ.

ಅಮಾವಾಸ್ಯೆಯ ಕತ್ತಲೆ. ದಡದಲ್ಲಿ ಒಂದು ಹಾಳುಬಾವಿ ಉಂಟು, ಅದರ ರಾಟೆ ಗಾಳಿಗೆ ಕಿರ್... ಕಿರ್... ಎನ್ನುತ್ತಿತ್ತು. ಅದನ್ನು ದಾಟಿದ. ರಾಟೆಯ ಶಬ್ದ ಹಿಂದೆ ಉಳಿಯಿತು. ಆಗ ಮುಂದಿನಿಂದ ಇನ್ನೊಂದು ಶಬ್ದ. ಒದ್ದೆ ಹಗ್ಗ ಮರಳಿನ ಮೇಲೆ ಉಜ್ಜುವ ಶಬ್ದ. ಸರ್ರ್... ನಿಂತಿತು. ಸರ್ರ್... ನಿಂತಿತು. ನಡುವೆ ತುಂಬ ಜನ ಒಟ್ಟಿಗೆ ಉಸಿರು ಬಿಡುವುದು. ಹ್ಹು... ಹ್ಹು...

ಸಾಲಾಗಿ ನಿಂತು ಬಲೆ ಎಳೆಯುತ್ತಿದ್ದರು.

ವಿನೀತ್‌ಗೆ ಖುಷಿಯಾಯ್ತಂತೆ. ನೋಡಿ, ಅಲ್ಲಿ ಹೆದರಬೇಕಿತ್ತು, ಅವನಿಗೆ ಖುಷಿಯಾಯ್ತು. ಮುದುಕರಿಗೆ ಗೊತ್ತೇ ಇಲ್ಲ, ಇಲ್ಲಿ ಬಲೆ ಉಂಟು, ವಿಲ್ಲಾಕ್ಕೆ ಬಂದ ದಿನ ಅಶ್ವಿತ್‌ನನ್ನು ಕರೆದುಕೊಂಡು ಬಂದು ಇಬ್ಬರೂ ಎಳೆಯಬಹುದು... ಇದೇ ಯೋಚನೆ. ಎಳೆಯುವವರು ಹಾಡುತ್ತಿಲ್ಲ, ಬೆಳಕಿಲ್ಲ ಎನ್ನುವುದು ತಲೆಗೆ ಹೋಗಲೇ ಇಲ್ಲ. ಸಾಲಿನ ನಡುವೆ ಒಬ್ಬನ ಜಾಗ ಖಾಲಿ ಇತ್ತು. ಅದರ ಹಿಂದಿನವ ತಿರುಗದೆಯೇ ಪಿಸುಗುಟ್ಟಿದ.

"ಒಬ್ಬ ಕಡಿಮೆ ಉಂಟು."

ವಿನೀತ್ ಚಪ್ಪಲಿ ಬಿಸಾಡಿ ಹಗ್ಗಕ್ಕೆ ಕೈ ಹಾಕಿದ.

ಹಗ್ಗ ಮಂಜುಗಡ್ಡೆಯ ಹಾಗೆ ತಣ್ಣಗಿತ್ತಂತೆ. ಎಳೆದ. ಎಲ್ಲರೊಟ್ಟಿಗೆ ಹೆಜ್ಜೆ ಹಿಂದಿಟ್ಟ. ಹಿಂದಿನಿಂದ ಮತ್ತೆ ಪಿಸುಮಾತು.

"ಯಾರ ಮನೆ?"

"ಚೆನ್ನಪ್ಪನ ಮನೆ. ಮುಳ್ಳೇರಿಯ," ಎಂದ ಇವನು. ಪಾಲು ಕಳುಹಿಸಲಿಕ್ಕೆ ಮನೆ ಕೇಳುವುದು ವಾಡಿಕೆ. ಚಿಕ್ಕಂದಿನಲ್ಲಿ ಎಷ್ಟೋ ಸಲ ಹೇಳಿದ ಮಾತು, ಬಾಯಿಗೆ ತನ್ನಷ್ಟಕ್ಕೆ ಬಂತು.

ಅಷ್ಟರಲ್ಲಿ ಕಿಸೆಯಲ್ಲಿ ಫೋನು ಹೊಡೆಯಿತು. ಅಶ್ವಿತ್‌ನದು. ಅನ್ನ ತಣಿಯಿತು, ಎಲ್ಲಿದ್ದಿ ಎಂದು ಕೇಳಲಿಕ್ಕೆ. ವಿನೀತ್ ಒಂದು ಕೈ ಬಿಟ್ಟು ಫೋನು ತೆಗೆದ. ಅದರ ಬೆಳಕು ಮುಂದಿನವನ ಬೆನ್ನಿಗೆ ಬಿತ್ತು.

ಬೆನ್ನಿನ ತುಂಬ ಚಿಪ್ಪು ಅಂಟಿಕೊಂಡಿತ್ತು. ಕಡಲಿನೊಳಗಿನ ಬಂಡೆಗೆ ಹಿಡಿಯುತ್ತದಲ್ಲ, ಹಾಗೆ... ಬೇರು ಬಿಟ್ಟು.

ಅವನು ಹೇಗೆ ಓಡಿದ, ಕಾರು ಹೇಗೆ ಬಿಟ್ಟ, ಅವನಿಗೇ ಗೊತ್ತಿಲ್ಲ. ಮನೆಗೆ ಬಂದವ ಯಾರಲ್ಲಿಯೂ ಮಾತಾಡದೆ ಚಾದರ ಹೊದ್ದು ಮಲಗಿದ. ಬೆಳಗಿನ ಹೊತ್ತಿಗೆ ಕೆಂಡದಂಥ ಜ್ವರ. ಅಂಗೈಯಲ್ಲಿ ಹಗ್ಗ ಉಜ್ಜಿದ ಗಾಯ.

ಬೆಳಿಗ್ಗೆ ಅಮ್ಮಣಿ ಅಕ್ಕ ಬಾಗಿಲು ತೆಗೆದರೆ ಚಿಲಕದಲ್ಲಿ ಬೂತಾಯಿ ಮೀನು ನೇತಾಡುತ್ತಿತ್ತು. ನಾರಿನ ಹುರಿಯಲ್ಲಿ ಪೋಣಿಸಿ ಕಟ್ಟಿದ್ದು. ಒಂದೇ ಎಳೆತಕ್ಕೆ ಗಂಟು ಬಿಚ್ಚಿತು. ಕಡಲ ಕರೆಗೆ ಹೋದವ ತಂದಿರಬೇಕು, ಸುಸ್ತಿನಲ್ಲಿ ಒಳಗೆ ತರಲಿಕ್ಕೆ ಮರೆತಿರಬೇಕು ಎಂದುಕೊಂಡಳು. ಎಂತ ತಪ್ಪು ಅದರಲ್ಲಿ? ಅವಳಿಗೆ ಸೋಮವಾರ, ಮೀನು ಮುಟ್ಟುವುದಿಲ್ಲ. ಆದರೂ ಮಕ್ಕಳಿಗೆಂದು ಮಸಾಲೆ ಅರೆದು ಪುಳಿಮುಂಚಿ ಮಾಡಿದಳು. ಅಶ್ವಿತ್ ಚಟ್ಟಿ ಎದುರು ಇಟ್ಟುಕೊಂಡು ಕುಳಿತ. ಶಾರ್ಜಾದಲ್ಲಿ ಐಸಿನ ಮೀನು ತಿಂದು ನಾಲಿಗೆ ಸತ್ತಿತ್ತು ಎಂದ. ಜ್ವರದವನಿಗೆ ಗಂಜಿ ಸಾಕು ಎಂದು ಅಣ್ಣನ ಪಾಲನ್ನೂ ಮುಗಿಸಿದ.

ಮಧ್ಯಾಹ್ನ ವಿನೀತ್ ಎದ್ದು ಬಂದು ಚಟ್ಟಿ ನೋಡಿದ. ಬರೇ ಮುಳ್ಳು. ಎಲ್ಲಿಯ ಮೀನು ಎಂದು ಕೇಳಿದ. ನೀನೇ ತಂದದ್ದಲ್ಲವಾ ಎಂದಳು ಅಮ್ಮ.

ಆಗಲೇ ಅವನು ನನಗೆ ಫೋನು ಮಾಡಿದ್ದು. ಕೈ ಹಾಕಿದ್ದು ನಾನು ಮಾವ, ತಿಂದದ್ದು ಅವನು ಎಂದ. ಮತ್ತೆ ರಾತ್ರಿ ಕಂಡದ್ದನ್ನೆಲ್ಲ ಹೇಳಿದ.

ನಾನು ಹೋದೆ. ಹುಲಿಯ ಹಾಗೆ ಹೋದೆ. ಕಡಲಿನವರು ಗುಡ್ಡ ಹತ್ತಿ ಬರಲಿ, ನೋಡುವ ಎಂದೆ. ಅಶ್ವಿತ್ ನಗುತ್ತಲೇ ಇದ್ದ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಹೊಸಿಲಿಗೆ ಅಡ್ಡ ಚಾಪೆ ಹಾಸಿ ನಾನು ಮಲಗಿದೆ. ವಿನೀತ್ ತಮ್ಮನ ಮಂಚದ ಬುಡದಲ್ಲಿ ಕುಳಿತ. ಅಕ್ಕ ದೀಪ ಆರಿಸಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಮಂಚ ಕಿರುಗುಟ್ಟಲಿಕ್ಕೆ ಸುರು. ಕಿರ್ರ್... ನಿಂತಿತು. ಕಿರ್ರ್... ನಿಂತಿತು. ಅಶ್ವಿತ್ ನಿದ್ದೆಯಲ್ಲಿದ್ದ. ಎರಡು ಕೈಗಳು ಮಾತ್ರ ಎದೆಯ ಮೇಲೆ ಎಳೆಯುತ್ತಿದ್ದವು. ವಿನೀತ್ ಆ ಕೈಗಳನ್ನು ಒತ್ತಿ ಹಿಡಿದ. ಹಿಡಿದವನೂ ಅವುಗಳೊಟ್ಟಿಗೆ ಹಿಂದಕ್ಕೂ ಮುಂದಕ್ಕೂ ಹೋದ. ಅಶ್ವಿತ್‌ನ ಬಾಯಿಯಿಂದ ಹ್ಹು... ಹ್ಹು...

ಮತ್ತೆ ಅವನು ಎದ್ದ. ಅಣ್ಣನನ್ನು ಮಗುವನ್ನು ಸರಿಸಿದ ಹಾಗೆ ಬದಿಗೆ ಸರಿಸಿದ. ನನ್ನ ಹತ್ತಿರ ಬಂದು ಬಗ್ಗಿದ. ಬಾಯಿಯಿಂದ ಉಪ್ಪುನೀರಿನ ವಾಸನೆ. ಸಿಟ್ಟಿಲ್ಲ, ಏನಿಲ್ಲ. ಬಸ್ಸಿಗೆ ತಡವಾದವನ ಹಾಗೆ ಮೆಲ್ಲಗೆ ಹೇಳಿದ.

"ಮಾವ, ಕಾಲು ತೆಗೀರಿ. ಒಬ್ಬ ಕಡಿಮೆ ಉಂಟು."

ನನ್ನ ಕಾಲು ನನ್ನದಾಗಿರಲಿಲ್ಲ. ಒದ್ದೆ ಮರಳಿನಲ್ಲಿ ಸೊಂಟದವರೆಗೆ ಹೂತವನ ಹಾಗೆ ಬಿದ್ದುಕೊಂಡಿದ್ದೆ. ಅವನು ನನ್ನನ್ನು ದಾಟಿದ. ಅವನ ಲುಂಗಿಯಿಂದ ನೀರು ನನ್ನ ಮುಖಕ್ಕೆ ತೊಟ್ಟಿಕ್ಕಿತು. ಚಿಲಕ ಸರಿದದ್ದು ಕೇಳಿದೆ. ಅಕ್ಕ ಮಗನ ಹೆಸರು ಕರೆದದ್ದು ಕೇಳಿದೆ. ಅಂಗಳದಲ್ಲಿ ಚಪ್... ಚಪ್... ಒದ್ದೆ ಮರಳಿನಲ್ಲಿ ನಡೆಯುವ ಶಬ್ದ. ಅಕ್ಕನದು ಜಲ್ಲಿಯ ಅಂಗಳ ಮಕ್ಕಳೇ. ಅಲ್ಲಿ ಮರಳೆಲ್ಲಿ?

ನಾನು ಎದ್ದು ಓಡುವಾಗ ರಸ್ತೆಯಲ್ಲಿ ಯಾರೂ ಇಲ್ಲ.

ಪಾಸ್‌ಪೋರ್ಟ್ ಕಪಾಟಿನಲ್ಲಿ, ಫೋನು ದಿಂಬಿನ ಕೆಳಗೆ, ಚಪ್ಪಲಿ ಮೆಟ್ಟಲಿನಲ್ಲಿ. ಪೊಲೀಸರು ಹುಡುಕಿದರು. ಕಡಲಿಗೆ ಇಳಿದು ಹುಡುಕುವವರೂ ಹುಡುಕಿದರು. ವಿನೀತ್ ವಾರಗಟ್ಟಲೆ ಆ ಹಾಳುಬಾವಿಯ ಹತ್ತಿರ ರಾತ್ರಿಯಿಡೀ ಕುಳಿತು ನೋಡಿದ. ಮಮ್ಮುಂಞಿ ಅವನ ಬದಿಯಲ್ಲಿ ಕುಳಿತು ಪ್ರಾರ್ಥನೆ ಮಾಡಿದರು. ರಾಟೆಯ ಶಬ್ದ ಬಿಟ್ಟು ಬೇರೆ ಶಬ್ದ ಬರಲಿಲ್ಲ. ವಿಲ್ಲಾಕ್ಕೆ ಯಾರೂ ಹೋಗಲಿಲ್ಲ.

ಈಗ ಅಮ್ಮಣಿ ಅಕ್ಕ ಅಮಾವಾಸ್ಯೆಯ ರಾತ್ರಿ ಮಲಗುವುದಿಲ್ಲ. ಬೆಳಗಾಗುವ ಮೊದಲೇ ಬಾಗಿಲು ತೆಗೆಯುತ್ತಾಳೆ. ವಿನೀತ್ ಏಳುವುದರೊಳಗೆ ತೆಗೆಯಬೇಕು. ಯಾಕೆಂದರೆ ಚಿಲಕದಲ್ಲಿ ಮೀನು ನೇತಾಡುತ್ತಿರುತ್ತದೆ. ಅದನ್ನು ತಿಂದರೆ ತಮ್ಮನ ಬದಿಗೆ ಹೋಗಿ ನಿಲ್ಲಬಹುದೆಂದು ವಿನೀತ್ ಕಾಯುತ್ತಿದ್ದಾನೆ. ಒಮ್ಮೆ ಹಸಿ ಮೀನನ್ನು ಬಾಯಿಯವರೆಗೆ ತೆಗೆದುಕೊಂಡು ಹೋಗಿದ್ದ. ಅಕ್ಕ ಬಡಿದು ಬೀಳಿಸಿದಳು. ಇದ್ದ ಇಬ್ಬರಲ್ಲಿ ಒಬ್ಬನಾದರೂ ಉಳಿಯಬೇಕಲ್ಲ. ಅವಳು ಆ ಮೀನನ್ನು ಸ್ವಲ್ಪ ಹೊತ್ತು ಮಡಿಲಿನಲ್ಲಿ ಇಟ್ಟುಕೊಂಡು ಕುಳಿತುಕೊಳ್ಳುತ್ತಾಳೆ. ಮತ್ತೆ ತೆಂಗಿನ ಬುಡದಲ್ಲಿ ಹೂಳುತ್ತಾಳೆ.

ಸುಳ್ಳು ಎನ್ನುವವರು ಮುಳ್ಳೇರಿಯಕ್ಕೆ ಹೋಗಿ ಕೇಳಬಹುದು. ಕಳೆದ ಅಮಾವಾಸ್ಯೆಗೆ ನಾನೇ ಅಲ್ಲಿದ್ದೆ. ನೀವು ವಿಲ್ಲಾಕ್ಕೆ ಹೋಗಿ, ಕೋಟೆ ನೋಡಿ, ನೀರಿನಲ್ಲಿ ಆಡಿ. ಕತ್ತಲೆಯಲ್ಲಿ ಯಾರಾದರೂ ಕರೆದರೆ ಕೈ ಕಿಸೆಯಲ್ಲಿರಲಿ, ಅಷ್ಟೆ.

ಆ ದಿನ ಅಕ್ಕ ಮೀನನ್ನು ಚಿಲಕದಿಂದ ಬಿಡಿಸಿ ಕೊಡು ಎಂದಳು. ಗಂಟಿನ ವಿಷಯದಲ್ಲಿ ನನ್ನ ಹೆಸರು ನಿಮಗೆ ಗೊತ್ತುಂಟಲ್ಲ. ಹಿಡಿದು ನೋಡಿದೆ. ವಿರುದ್ಧ ಸುತ್ತಿತ್ತು. ತುದಿ ಒಳಗೆ ಅಡಗಿತ್ತು. ಉಗುರು ಹೋಯ್ತು, ಗಂಟು ಬಿಡಲಿಲ್ಲ.

ಅಕ್ಕ ಒಳಗೆ ಹೋಗಿ ಕತ್ತಿ ತಂದು ಕೊಟ್ಟಳು.