ಡೋಲು ಸುಮ್ಮನಾಗೋ ಜಾಗ

ಹತ್ರ ಬನ್ನಿ, ಇನ್ನೂ ಹತ್ರ. ನಾನು ಹೇಳೋಳು, ನೀವು ಹೂಂಗುಟ್ಟೋರು. ಹೂಂ ಅನ್ನೋದು ನಿಂತ್ರೆ ನನ್ನ ಬಾಯೂ ನಿಲ್ಲುತ್ತೆ, ಆಮೇಲೆ ಕಾಲು ಹಿಡಿದ್ರೂ ಹೇಳಲ್ಲ. ಏ ಪುಟ್ಟತಾಯಿ, ಆ ಮೊಬೈಲು ಕೆಳಗಿಡು ತಾಯಿ. ಹಾಂ, ಹಾಗೆ.

ಸಮುದ್ರದಾಚೆ ಒಂದು ದೇಶ. ಹೆಸರು ಕೇಳಬೇಡಿ, ನಮ್ಮಜ್ಜಿ ನಂಗೆ ಹೇಳಿಲ್ಲ, ನಾನೂ ಕೇಳಿಲ್ಲ. ಕೆಂಪು ಮಣ್ಣು, ಸಜ್ಜೆ ಹೊಲ, ದೊಡ್ಡ ಹೊಳೆ. ಆ ಹೊಳೆ ದಂಡೇಲಿ ಒಂದು ಊರು, ಆ ಊರಲ್ಲಿ ಒಂದು ಡೋಲಿನ ಮನೆ. ತಾತ ಡೋಲು ಬಾರಿಸ್ದ, ಅಪ್ಪ ಡೋಲು ಬಾರಿಸ್ದ, ಮಗ ಡೋಲು ಬಾರಿಸ್ದ. ಬೇರೆಯೋರು ಅದನ್ನ ಮುಟ್ಟೋ ಹಾಗಿಲ್ಲ. ಮರದ ದಿಮ್ಮಿ ಕೊರೆದು, ಮೇಕೆ ಚರ್ಮ ಹೊದಿಸಿ, ಹಗ್ಗ ಎಳೆದು ಬಿಗಿದ ಡೋಲು. ಜೆಂಬೆ ಅಂತಾರೆ ಅದಕ್ಕೆ. ಕೋಲಿಲ್ಲ ಗೀಲಿಲ್ಲ, ಬರೀ ಅಂಗೈ.

ಆ ಮನೆಯೋರಿಗೆ ಜೆಲಿಗಳು ಅಂತ ಹೆಸರು. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು, ನಿಮ್ಮ ತಾತ ಯಾರು, ಮುತ್ತಾತ ಯಾರು ಅಂತ ವಂಶ ಹೇಳಿ ಹೋಗ್ತಿದ್ರಲ್ಲ, ಅವರೂ ಹಾಗೇ. ಇವರು ಬಾಯಲ್ಲೂ ಹೇಳೋರು, ಕೈಯಲ್ಲೂ ಹೇಳೋರು. ಮನೆಗೊಂದು ಬಡಿತ. ಮಗು ಹುಟ್ಟಿದ್ರೆ ಆ ಮನೆ ಬಡಿತ, ಮದುವೆ ಆದ್ರೆ ಆ ಮನೆ ಬಡಿತ, ಸತ್ರೆ ಆ ಮನೆ ಬಡಿತ. ಸುಗ್ಗಿ ಮುಗಿದಾಗ ಎಲ್ಲಾ ಮನೆ ಬಡಿತಾನೂ, ಮನೆ ಇರೋ ಸಾಲಲ್ಲೇ ಒಂದರ ಹಿಂದೊಂದು. ಯಾರ ಮನೆ ಬಡಿತ ಬಂತೋ ಅವರು ಎದ್ದು ಕುಣೀಲೇಬೇಕು. ಮುನಿಸಿದ್ರೂ ಸರಿ, ಮಂಡಿ ನೋವಿದ್ರೂ ಸರಿ.

ಈಗ ಕಿವಿಗೊಟ್ಟು ಕೇಳಿ. ಆ ಬಡಿತಗಳ ಮಧ್ಯೆ ಒಂದು ಜಾಗ ಇತ್ತು. ಅಲ್ಲಿಗೆ ಬಂದ್ರೆ ಡೋಲು ಬಾರಿಸೋ ಆ ಮನೆ ಮಗ ಡೆಂಬ ಎರಡೂ ಕೈ ಎತ್ತಿಬಿಡೋನು. ಡೋಲು ಸುಮ್ಮನೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರು. ಯಾಕೋ ಅಂದ್ರೆ ಡೆಂಬನಿಗೇ ಗೊತ್ತಿಲ್ಲ! "ನಮ್ಮಪ್ಪ ಎತ್ತು ಅಂದ, ಎತ್ತುತ್ತೀನಿ. ಚೂರು ಮುಂಚೆ ಇಳಿಸಿದ್ರೆ ಬೆನ್ನ ಮೇಲೆ ಬೀಳ್ತಿತ್ತು," ಅನ್ನೋನು. ಊರೋರು ಏನಂದ್ಕೊಂಡಿದ್ರು? ಅದು ನೀರು ಕುಡಿಯೋ ಹೊತ್ತು ಅಂದ್ಕೊಂಡಿದ್ರು. ಡೋಲು ನಿಂತಿತೋ ಇಲ್ವೋ, ಎಲ್ಲರೂ ಸೋರೆ ಬುರುಡೆ ಎತ್ತಿ ಗಟಗಟ ಕುಡಿಯೋರು. ಅದಾದ ಮೇಲೆ ಬರೋದು ಊರ ಯಜಮಾನ ಬುರಾಮನ ಮನೆ ಬಡಿತ. ಪಾಪ, ಅವನು ಎದ್ದಾಗಲೆಲ್ಲ ಮೊದಲ ಹೆಜ್ಜೆ ತಪ್ಪೋದು. ಅವನದು ತಪ್ಪೋದು, ಅವನ ತಮ್ಮನದು ತಪ್ಪೋದು, ಮಕ್ಕಳದೂ ತಪ್ಪೋದು. ಊರೆಲ್ಲಾ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗೋರು.

ಹೀಗಿರುವಾಗ ಒಂದಿನ ಬಿಸಿಲ ಹೊತ್ತಲ್ಲಿ ಒಬ್ಬಳು ಮುದುಕಿ ನಡ್ಕೊಂಡು ಬಂದ್ಲು. ಕಾಲೆಲ್ಲಾ ಧೂಳು. ಸೀದಾ ಬುರಾಮನ ಮುಂದೆ ನಿಂತ್ಲು.

"ನಾನು ಕಂಕು ಕಣಪ್ಪಾ. ಇದೇ ಊರ ಮಗಳು. ಚಿಕ್ಕೋಳಿದ್ದಾಗ ಕುದುರೆ ಮೇಲೆ ಬಂದೋರು ಎತ್ತಾಕ್ಕೊಂಡು ಹೋದ್ರು, ದೂರ ದೇಶದಲ್ಲಿ ದುಡಿಸಿದ್ರು. ಈಗ ಕೈಲಾಗಲ್ಲ ಅಂತ ಬಿಟ್ರು. ನಮ್ಮಮ್ಮನ ಪಕ್ಕ ನಂಗೂ ಒಂದಿಷ್ಟು ಮಣ್ಣು ಕೊಡಿ. ಇನ್ನೇನೂ ಬೇಡ."

ಅವಳ ಓರಗೆಯೋರು ಒಬ್ಬರೂ ಉಳಿದಿರಲಿಲ್ಲ. ಯಾರು ಸಾಕ್ಷಿ ಹೇಳಬೇಕು?

"ಮನೆ ತೋರ್ಸಮ್ಮಾ," ಅಂದ ಬುರಾಮ. ತೋರಿಸಿದ್ಲು. ಅಲ್ಲಿ ಮನೆ ಇಲ್ಲ, ಬುರಾಮನದೇ ಕಡ್ಲೇಕಾಯಿ ಹೊಲ!

"ಏನಾದ್ರೂ ಗುರುತು ಹೇಳಮ್ಮಾ." "ಬಾವಿ ಪಕ್ಕ ದೊಡ್ಡ ಹುಣಸೆ ಮರ ಇತ್ತಲ್ಲಪ್ಪಾ..." ಮರಾನೂ ಇಲ್ಲ, ಯಾವತ್ತೋ ಒಲೆ ಸೇರಿತ್ತು.

"ಹೋಗ್ಲಿ, ನಿಮ್ಮನೆ ಬಡಿತ ಯಾವುದು?" ಮುದುಕಿ ಮನೆ ಹೆಸರು ಹೇಳಿ ಡೆಂಬನ ಮುಖ ನೋಡಿದ್ಲು. ಡೆಂಬ ನೆಲ ನೋಡ್ದ. ಅವಳು ಹೇಳಿದ ಮನೆ ಹೆಸರನ್ನೇ ಅವನು ಕೇಳಿರಲಿಲ್ಲ. ಯಾಕೆ ಗೊತ್ತಾ? ಒಂದು ಮನೇಲಿ ಯಾರೂ ಉಳೀದೆ ದೀಪ ಆರಿದ್ರೆ ಆ ಬಡಿತಾನ ಮಲಗಿಸಬೇಕು, ಅದು ಅವರ ಪದ್ಧತಿ. ಮಲಗಿಸಿದ್ದನ್ನ ಬಾರಿಸೋ ಹಾಗಿಲ್ಲ, ಕಲಿಸೋ ಹಾಗಿಲ್ಲ, ಹೆಸರೂ ಎತ್ತೋ ಹಾಗಿಲ್ಲ.

"ಬಡಿತ ಇಲ್ದೋರನ್ನ ನಮ್ಮ ಮಣ್ಣಲ್ಲಿ ಇಡೋದಿಲ್ಲ," ಅಂದುಬಿಟ್ಟ ಬುರಾಮ. "ಉಂಡು, ಮಲಗಿ, ಬೆಳಿಗ್ಗೆ ಹೊರಡು."

ಕಂಕಜ್ಜಿ ಅಳಲಿಲ್ಲ. ಡೆಂಬನ ಜಗಲಿ ಮೇಲೆ ಕೂತ್ಲು. ಅಂಗಳದಲ್ಲಿ ಅವನ ಹೆಂಡ್ತಿ ಸಜ್ಜೆ ಕುಟ್ತಿದ್ಳು. "ಕೊಡೇ ಇಲ್ಲಿ. ಕೂತು ತಿನ್ನೋ ಜಾಯಮಾನ ನಂದಲ್ಲ," ಅಂತ ಒನಕೆ ಕಿತ್ಕೊಂಡ್ಲು. ಕುಟ್ಟೋಕೆ ಶುರು ಮಾಡಿದ್ಲು ನೋಡಿ! ಒನಕೆ ಮೇಲಕ್ಕೆ ಹಾರಿಸೋಳು, ಚಪ್ಪಾಳೆ ತಟ್ಟೋಳು, ಬೀಳೋ ಒನಕೇನ ಹಿಡಿಯೋಳು. ದುಮ್, ಚಪ್, ದುಮ್ ದುಮ್.

ನಮ್ಮ ಬೀದೀಲೂ ಒರಳು ಇತ್ತು ಕಣ್ರೋ. ಒಳಗೆ ಮಲಗಿದ್ದೇ ಹೇಳ್ತಿದ್ದೆ, ಇದು ಚೌಡಮ್ಮನ ಒನಕೆ, ಇದು ಸಾಕವ್ವನ ಒನಕೆ ಅಂತ. ಈಗ ಗಿರಣಿಗೆ ಎಲ್ಲರ ಹಿಟ್ಟೂ ಒಂದೇ ಸದ್ದು. ಇರ್ಲಿ ಬಿಡಿ, ಕಥೆಗೆ ಬರೋಣ.

ಡೋಲಿನ ಹಗ್ಗ ಬಿಗೀತಿದ್ದ ಡೆಂಬ ತಟ್ಟನೆ ಎದ್ದು ಬಂದ.

"ಅಜ್ಜೀ, ಏನದು ನೀನು ಕುಟ್ತಿರೋದು?"

"ಸಜ್ಜೆ ಕಣಪ್ಪಾ, ಇನ್ನೇನು?"

"ಅದಲ್ಲ, ಹೀಗೆ ಕುಟ್ಟೋದು ಯಾರು ಕಲಿಸಿದ್ರು?"

"ಅಮ್ಮ ಹೀಗೇ ಕುಟ್ತಿದ್ಳು. ನಂಗೆ ಬೇರೆ ಥರ ಕೈ ಬರೋದೇ ಇಲ್ಲ. ನನ್ನ ದುಡಿಸಿದ ಮನೆ ಯಜಮಾನಿ ಬೈತಿದ್ಳು, ಹೊಡೀತಿದ್ಳು. ಆದ್ರೂ ಕೈ ಇದನ್ನೇ ಕುಟ್ತಿತ್ತು, ಏನ್ ಮಾಡ್ಲಿ?"

ಡೆಂಬನ ಕಣ್ಣಲ್ಲಿ ನೀರು. "ನಮ್ಮಪ್ಪ ಬಡಿತಾನ ಮಲಗಿಸಿದ. ನಾನು ಕೈ ಎತ್ತೋ ಅಷ್ಟು ಜಾಗಾನ ಮಾತ್ರ ಅದಕ್ಕೆ ಬಿಟ್ಟು ಹೋದ," ಅಂತ ಡೋಲು ಎತ್ಕೊಂಡು ಓಡಿದ.

ಊರ ನಡುವೆ ಜನ ಸೇರಿದ್ರು. ಬುರಾಮ ಸಿಡುಕಿದ. "ಮುದುಕಿ ಕುಟ್ಟಿದ್ದೆಲ್ಲಾ ಮನೆ ಬಡಿತ ಆಗ್ಬಿಟ್ರೆ ಮುಗೀತು ಊರು!"

"ಯಜಮಾನ್ರೇ, ನಾನು ಹೇಳೋದಿಲ್ಲ. ನೀವೇ ಹೇಳಿ," ಅಂದ ಡೆಂಬ. ಕಂಕಜ್ಜೀನ ಒರಳ ಮುಂದೆ ನಿಲ್ಲಿಸ್ದ. ಬಾರಿಸೋಕೆ ಕೂತ. ಮೊದಲ ಮನೆ ಬಂತು, ಎದ್ದು ಕುಣಿದ್ರು. ಪಕ್ಕದ ಮನೆ ಬಂತು, ಕುಣಿದ್ರು. ಒಂದೊಂದೇ ಮನೆ ದಾಟಿ ಆ ಜಾಗ ಬಂತು. ಡೆಂಬ ಕೈ ಎತ್ತಿದ. ಜನ ನೀರಿನ ಬುರುಡೆಗೆ ಕೈ ಹಾಕಿದ್ರು.

ದುಮ್! ಕಂಕಜ್ಜಿ ಒನಕೆ ಬಿತ್ತು. ದುಮ್, ಚಪ್, ದುಮ್ ದುಮ್. ಡೋಲು ಬಿಟ್ಟ ಕಡೆ ಒನಕೆ ಹಿಡೀತು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಒನಕೆ ಬಿಟ್ಟ ಕಡೆ ಡೋಲು ಹಿಡೀತು, ಬುರಾಮನ ಮನೆ ಬಡಿತ ಬಂತು. ಕೋಪ ಇದ್ರೇನು, ಕುಣೀಲೇಬೇಕಲ್ಲ. ಎದ್ದ. ಕಾಲಿಟ್ಟ.

ಹೆಜ್ಜೆ ತಪ್ಪಲಿಲ್ಲ!

ಹುಟ್ಟಿದಾಗಿನಿಂದ ಒಂದು ಸಲಾನೂ ಸರಿಯಾಗಿ ಬೀಳದಿದ್ದ ಹೆಜ್ಜೆ. ಬುರಾಮ ತನ್ನ ಪಾದಾನ ತಾನೇ ನೋಡ್ಕೊಂಡು ನಿಂತ. ಆಮೇಲೆ ಮುದುಕಿ ಹತ್ರ ಹೋಗಿ ಅವಳ ಕೈ ಹಿಡ್ಕೊಂಡ. "ಅತ್ತೆಮ್ಮಾ, ನಮ್ಮ ಪಕ್ಕದ ಮನೆಯೋಳು ನೀನು. ಕಡ್ಲೇಕಾಯಿ ಕಿತ್ತ ತಕ್ಷಣ ಅಲ್ಲೇ ಗೋಡೆ ಎಬ್ಬಿಸ್ತೀನಿ." ಆಗ ಅತ್ಲು ನೋಡಿ ಕಂಕಜ್ಜಿ, ಅಲ್ಲೀವರ್ಗೂ ಅತ್ತಿರಲಿಲ್ಲ.

ಸಾಯೋಕೆ ಅಂತ ಬಂದೋಳು ಆರಾಮಾಗಿ ಸುಮಾರು ಸುಗ್ಗಿ ಕಂಡ್ಲು. ಬುರಾಮನ ಸೊಸೆಯರು, ಊರ ಹೆಂಗಸರು ಎಲ್ಲಾ ಅವಳ ಒರಳಿಗೇ ಬಂದು ಅವಳ ಹಾಗೇ ಕುಟ್ಟೋರು. ಕೊನೆಗೆ ಒಂದಿನ ಕಣ್ಮುಚ್ಚಿದ್ಲು. ಅವಳಮ್ಮನ ಪಕ್ಕದಲ್ಲೇ ಮಣ್ಣು ಮಾಡಿದ್ರು. ಊರ ಹಿರೀಕರು ಬಂದು, "ಡೆಂಬ, ಈಗ ಆ ಮನೇಲಿ ಯಾರೂ ಇಲ್ಲಪ್ಪಾ. ಪದ್ಧತಿ ಪ್ರಕಾರ ಬಡಿತ ಮಲಗಿಸು," ಅಂದ್ರು.

ಅಷ್ಟೊತ್ತಿಗೆ ಊರ ಈ ತುದಿಯಿಂದ ಆ ತುದೀವರ್ಗೂ ಸಜ್ಜೆ ಕುಟ್ಟೋ ಸದ್ದು. ದುಮ್, ಚಪ್, ದುಮ್ ದುಮ್.

ಡೆಂಬ ಅಂದ, "ಮೊದ್ಲು ಹೋಗಿ ಆ ಒನಕೆಗಳನ್ನ ಮಲಗಿಸಿ ಬನ್ನಿ. ಆಮೇಲೆ ನಾನು ಡೋಲು ಮಲಗಿಸ್ತೀನಿ."

ಯಾರು ಹೋಗ್ತಾರೆ? ಇವತ್ತಿಗೂ ಆ ಊರಲ್ಲಿ ಕುಣಿಯೋರಿಗೆ ಮಧ್ಯದಲ್ಲಿ ನೀರು ಕುಡಿಯೋಕೆ ಪುರುಸೊತ್ತಿಲ್ಲವಂತೆ, ಗೊಣಗ್ತಾನೇ ಕುಣೀತಾರಂತೆ.

ಅವರ ಡೋಲು ಅವರ ಅಂಗಳದಲ್ಲಿ, ನನ್ನ ಮಾತು ನಿಮ್ಮ ಕಿವೀಲಿ. ಹೂಂ ಅಂದೋರಿಗೆಲ್ಲಾ ಕಥೆ ಸಂದಾಯ. ಪುಟ್ಟತಾಯೀ, ಏಳು, ಆ ಚೀಲದಲ್ಲಿ ಎಲೆ ಅಡಿಕೆ ಇದೆ ತಾ.