ನಾಳೆ ಬಿಚ್ಚಬೇಕಿದ್ದ ಗಂಟು

ಬಹಳ ಹಿಂದೆ, ಮಗ್ಗದ ಸದ್ದಿಗೇ ಬೆಳಗಾಗುತ್ತಿದ್ದ ಒಂದೂರಲ್ಲಿ ಒಬ್ಬ ರೇಷ್ಮೆ ಸಾಹುಕಾರ ಇದ್ದ. ಅವನಿಗೇನು ಕಡಿಮೆ? ಏನೂ ಇಲ್ಲ. ಕಾಲಿಗೊಂದು ಗಾಯವಿತ್ತು, ಅಷ್ಟೇ. ಮುದಿತಾಯಿ ಅದನ್ನು ತೊಳೆದು, ಅರಿಶಿನ ಹಚ್ಚಿ, ತನ್ನ ಹಳೇ ಸೀರೆಯ ಅರಿವೆ ಸುತ್ತಿ ಗಂಟು ಹಾಕಿದಳು. "ನಾಳಿ ನಾನ ಬಿಚ್ಚತೀನಿ," ಅಂದಳು. ಬೆಳಗಾಗುವಷ್ಟರಲ್ಲಿ ತೀರಿಕೊಂಡಿದ್ದಳು.

ಮಗ ಆ ಗಂಟು ಬಿಚ್ಚಲಿಲ್ಲ. ಹೇಗೆ ಬಿಚ್ಚಿಯಾನು ಹೇಳಿ? ಅವ್ವನ ಕೈಯ ಕೊನೆಯ ಕೆಲಸ ಅದು. ಅರಿವೆ ಒದ್ದೆಯಾಯಿತು, ಮೇಲೆ ಅಂಗಡಿಯ ರೇಷ್ಮೆ ಸುತ್ತಿದ. ರೇಷ್ಮೆ ನೆನೆಯಿತು; ಮೇಲೆ ಜರಿಯಂಚಿನದು ಸುತ್ತಿದ. ಇಪ್ಪತ್ತು ದಿನ, ಇಪ್ಪತ್ತು ಸುತ್ತು. ನೋಡಿ, ಕಾಲು ಕುಂಚಿಗೆ ತೊಡಿಸಿದ ಕೂಸಿನಷ್ಟಾಯಿತು. ಊರೆಲ್ಲ ಅದನ್ನೇ ಮಾತಾಡಿತು.

ಅದೇ ಊರ ದವಾಖಾನೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಹೆಂಗಸೊಬ್ಬಳಿದ್ದಳು. ಒಂದು ಮಟಮಟ ಮಧ್ಯಾಹ್ನ ಅವಳು ಅಂಗಳದಲ್ಲಿ ಪಟ್ಟಿ ಒಣಹಾಕುತ್ತಿದ್ದಾಗ, ಹಗ್ಗದ ಆಚೆ ಒಬ್ಬ ಮುದುಕಿ ನಿಂತಿದ್ದಳು. ಬೆರಳತುದಿಯೆಲ್ಲ ಅರಿಶಿನ. ಆ ಬೆರಳುಗಳು ಗಾಳಿಯಲ್ಲಿ ಏನನ್ನೋ ಬಿಚ್ಚುತ್ತಿದ್ದವು, ಬಿಚ್ಚುತ್ತಲೇ ಇದ್ದವು.

"ನಾಳಿ ಬಿಚ್ಚತೀನಿ ಅಂತ ಮಗಗ ಮಾತು ಕೊಟ್ಟಿದ್ನಿ ಯವ್ವಾ. ನನಗ ನಾಳಿ ಬರಲೇ ಇಲ್ಲ. ನೀ ಬಿಚ್ಚತೀಯೇನು?"

"ಬಿಚ್ಚತೀನಿ," ಅಂದುಬಿಟ್ಟಳು ಇವಳು. ಗಾಳಿಗೆ ಪಟ್ಟಿಯೊಂದು ಸರಿಯಿತು. ಆಚೆ ಯಾರೂ ಇರಲಿಲ್ಲ.

ಇವಳು ಅವನ ಮನೆಗೆ ಹೋದಾಗ ಸಾಹುಕಾರ ರೇಷ್ಮೆ ಸುತ್ತಿದ ಆ ಕಾಲನ್ನು ಮೆಲ್ಲಗೆ ತೂಗುತ್ತ ಕೂತಿದ್ದ.

"ಸದ್ದು ಮಾಡಬ್ಯಾಡ. ಒಳಗ ಅವ್ವ ಜೋಗುಳ ಹಾಡಾಕತ್ತಾಳ."

ಇವಳು ಕಿವಿಗೊಟ್ಟಳು. ಹೌದು, ಒಳಗಿಂದ ಗುಂಯ್ ಎಂಬ ಸಣ್ಣ ರಾಗ. ಆ ರಾಗ ಇವಳಿಗೆ ಗೊತ್ತಿತ್ತು.

"ಸಾವ್ಕಾರ್ರ, ಅದು ನೊಣ. ಇನ್ನ ನಾಕು ದಿನ ಬಿಟ್ರ ಕಾಲ ತಗೀಬೇಕಾಗತೈತಿ."

"ಇಂಥಾ ರೇಷ್ಮಿ ಯಾರ ಗಾಯಕ್ಕ ಸಿಕ್ಕೈತಿ?"

"ರೇಷ್ಮಿ ಮದುವಿಗೆ ಚಂದ ರೀ. ಕೀವು ಹೀರೂದಿಲ್ಲ ಅದು. ಗಾಯಕ್ಕ ನಿಮ್ಮ ಸಾವ್ಕಾರ್ಕಿ ತಿಳಿಯೂದಿಲ್ಲ."

"ಬಿಚ್ಚಿದ್ರ ಅವ್ವ ಪೂರ್ತಿ ಹೋಗಿಬಿಡ್ತಾಳ."

"ಬಿಚ್ಚಲಾರದಕ್ಕನ ಆಕಿ ಹೋಗವಲ್ಲಳ್ರಿ. ನನ್ನ ಅಂಗಳದಾಗ ಬಂದು ನಿಂತಿದ್ಲು."

ಅವನು ತೂಗುವುದನ್ನು ನಿಲ್ಲಿಸಿದ. ಕಾಲನ್ನು ಮುಂದೆ ಚಾಚಿದ.

ಇಲ್ಲಿ ಸ್ವಲ್ಪ ತಾಳಿ, ತಾಯಂದಿರೇ. ಅವನನ್ನು ಹುಚ್ಚ ಅಂದಿರಾ? ಪ್ರೀತಿಯಿಂದ ಕಟ್ಟಿದ್ದು ಅಂತ ನಾವು ಏನೇನನ್ನು ಬಿಚ್ಚದೆ ಇಟ್ಟಿಲ್ಲ? ಇವತ್ತು ಮನೆಗೆ ಹೋದವರೇ ಕೈ ತೊಳೆದುಕೊಂಡು, ನಿಮ್ಮ ಮನೆಯ ಗಾಯವನ್ನು ಬಿಚ್ಚಿ ನೋಡಿ. ಸೋರುವುದಕ್ಕೆ ಹೀರುವ ಪಟ್ಟಿ ಬೇಕು, ಒಣಗಿ ಬಿರಿದದ್ದಕ್ಕೆ ತೇವ ಕಾಯುವಂಥದ್ದು ಬೇಕು. ತಿಳಿಯದಿದ್ದರೆ ತಿಳಿದವರನ್ನು ಕೇಳಿ. ಪೆಟ್ಟಿಗೆಯಲ್ಲಿ ಇರುವುದನ್ನು ಸುತ್ತಬೇಡಿ. ಗಾಯ ಕೇಳುವುದನ್ನು ಕಟ್ಟಿ. ಮುನಿದ ತಂಗಿಗೆ ಹಬ್ಬಕ್ಕೊಂದು ಸೀರೆ ಕಳಿಸಿ ಸುಮ್ಮನಾಗುತ್ತೀರಲ್ಲ, ಅದೂ ಇದೇ ರೇಷ್ಮೆ. ಎದುರು ಕೂತು ಕೇಳಿ: ಎಲ್ಲಿ ನೋಯುತ್ತದೆ?

ಅವಳು ಕೇಳಿದಳು. ಅವನು ತೋರಿಸಿದ. ಒಂದೊಂದೇ ಸುತ್ತು ಬಿಚ್ಚಿದಳು. ನೊಣಗಳು ಹಾರಿದವು, ಜೋಗುಳ ನಿಂತಿತು. ತಾಯಿಯ ಅರಿವೆ ಮಾಂಸಕ್ಕೆ ಅಂಟಿತ್ತು. ಎಳೆಯಲಿಲ್ಲ. ಕುದಿಸಿ ಆರಿಸಿದ ನೀರು ಹನಿಸುತ್ತ, ಹನಿಸುತ್ತ ಕಾದಳು. ಅಂಚು ಮೆಲ್ಲಗೆ ಎದ್ದು, ಕೆಳಗೆ ಕೆಂಪಗೆ, ಜೀವವಿರುವ ಮಾಂಸ ಕಂಡಿತು. ಕಾಲು ಉಳಿಯುವಂತಿತ್ತು.

ಇನ್ನು ಉಳಿದದ್ದು ಆ ಗಂಟೊಂದೇ. ಅವಳ ಉಗುರಿಗೆ ಅದು ಸಡಿಲಲಿಲ್ಲ. ಆಗ ಅವಳ ಬೆರಳುಗಳ ಮೇಲೆ ತಣ್ಣನೆಯ ಬೇರೆ ಬೆರಳುಗಳು ಬಂದು ಕೂತವು, ಅರಿಶಿನದ ವಾಸನೆ ಬಂತು, ಗಂಟು ಬಿಚ್ಚಿತು.