ಪಕೀರಮ್ಮನ ಫೋಲ್ಡರ್

ಸ್ವಲ್ಪ ಹತ್ರ ಸರೀರಿ… ಜೋರಾಗಿ ಹೇಳೂ ಮಾತಲ್ಲ ಇದು. ನಮ್ಮ ಹಿಂದಿನ ಮನಿ ಅರ್ಜುಮಂದ್‌ಗೆ ಆಗಿದ್ದು. ಹೋದ ವರ್ಷ, ಮಸ್ಕ್ಯಾಗ.

ಅರ್ಜುಮಂದ್ ಸಿಂಧನೂರಾಗ ಕಂಪ್ಯೂಟರ್ ಕಲಿಸ್ತಾಳ. ಆ ಸೆಂಟರಿನಾಗ ಎಲ್ಲಾ ಹಳೇ ಮಷೀನು, ಎಲ್ಲಾದರಾಗೂ ಲಿನಕ್ಸ್. ಕರೀ ಪರದೆ ಮ್ಯಾಲ ಕಮಾಂಡ್ ಬರದು ಕೆಲಸ ಮಾಡಿಸಬೇಕು. ಹೊಸಬರು ಅಂಜತಾರ. ಎಲ್ಯಾರ ಸಿಕ್ಕಿಹಾಕ್ಕೊಂಡ್ರ ಹೊತ್ತಿಲ್ಲದ ಹೊತ್ತಿನಾಗ ಫೋನ್ ಮಾಡ್ತಾರ. ಆಕಿ ಬ್ಯಾಸರ ಮಾಡ್ಕೊಳ್ಳದ ಒಂದೊಂದೇ ಅಕ್ಷರ ಹೇಳಿ ಬರಸ್ತಾಳ.

ಅವತ್ತು ಕಡೀ ಬಸ್ಸಿಗೆ ಮಸ್ಕಿಗೆ ಬಂದು ಇಳದಾಳ. ಹತ್ತೂವರಿ ಆಗಿತ್ತು. ಹಳೇ ಬಾವಿ ಮಗ್ಗಲದ ಹಾದಿ, ಒಬ್ಬಾಕೆ. ಬಾವಿ ಗಾಲಿ ಗಾಳಿಗೆ ಕಿಂಯ್… ಕಿಂಯ್… ಅನ್ನಾಕತ್ತಿತ್ತು. ಅಷ್ಟರಾಗ ಚೀಲದಾಗ ಫೋನ್ ಗುರ್ ಅಂತು. ತಗದು ನೋಡ್ತಾಳ… ಸೆಂಟರಿನ ಮೇಜಿನ ಮ್ಯಾಗಿನ ಫೋನ್ ನಂಬರ್.

ಬೀಗ ಹಾಕಿ ಬಂದಾಕಿ ತಾನೇ.

"ಟೀಚರ್… ಪರ್ಮಿಷನ್ ಡಿನೈಡ್ ಅಂತ ಬರಾಕತ್ತೈತ್ರಿ."

ಹೆಣ್ಣುದನಿ. ಪಿಸುಮಾತು. ಯಾವ ಫೋಲ್ಡರ್ ಅಂತ ಅರ್ಜುಮಂದ್ ಕೇಳಿದ್ಲು.

"ಪಕೀರಮ್ಮಂದು."

ಪಕೀರಮ್ಮ ಅಂದ್ರ ಯಾರು, ಹೇಳ್ತೀನಿ. ಒಂದು ಹುಡುಗ್ಯಾರ ಹಾಸ್ಟೆಲಿನಾಗ ಅಡಿಗಿ ಮಾಡ್ತಿದ್ದಾಕಿ. ಐವತ್ತು ದಾಟಿದ ಮ್ಯಾಲ ಕಂಪ್ಯೂಟರ್ ಕಲಿಯಾಕ ಬಂದಿದ್ಲು. ಹುಡುಗ್ಯಾರ ಪಾಲಿನ ಅಕ್ಕಿ ಹಿತ್ತಲ ಬಾಗಿಲಿಂದ ಆಟೋದಾಗ ಹೋಗೂದು ಕಣ್ಣಾರೆ ಕಂಡಿದ್ಲು. ಕೈಲೆ ಬರದ್ರ ಅಕ್ಷರದ ಗುರುತು ಹಿಡೀತಾರ ಅಂತ, ಟೈಪ್ ಮಾಡಿ ಅರ್ಜಿ ಬರಿಯಾಕ ಹತ್ತಿದ್ಲು. ಅರ್ಧ ಆಗಿತ್ತು. ಎದಿನೋವು ಬಂದು ತೀರಿಕೊಂಡ್ಲು… ಆಗ್ಲೇ ಒಂದು ತಿಂಗಳಾಗಿತ್ತು.

ಮಣ್ಣು ಕೊಟ್ಟ ಮರುವಾರ ಗುರುತಿಲ್ಲದ ಇಬ್ಬರು ಸೆಂಟರಿಗೆ ಬಂದು, ಅಡಿಗಿಯಾಕಿ ಏನ್ ಬರದಿಟ್ಟಾಳ ಅಂತ ವಿಚಾರಿಸಿ ಹೋಗಿದ್ರು. ಅರ್ಜುಮಂದ್‌ಗೆ ಸಂಶೆ ಬಂತು. ಆ ಅರ್ಜಿ ಇದ್ದ ಫೋಲ್ಡರ್ ಯಾರಿಗೂ ತೆರೀದಂಗ ಬಂದ್ ಮಾಡಿದ್ಲು. ಪಕೀರಮ್ಮನ ಪಾಸ್‌ವರ್ಡೂ ಬಂದ್.

ಈಗ ಈ ಫೋನ್. ಸೆಂಟರಿನ ಎರಡನೇ ಕೀಲಿ ಇರೂದು ಶಿವಪ್ರಸಾದನ ಹತ್ರ, ಜೋಡಿ ಕಲಿಸಾವ. ಬಂದ ಇಬ್ಬರಿಗೆ ಚಾ ಕುಡಿಸಿ ಕಳಿಸಿದಾವ ಅವನೇ. ಯಾರೋ ಹೆಂಗಸನ್ನ ಕುಂದ್ರಿಸಿ ಆಟ ಆಡಾಕತ್ತಾನ ಅಂತ ಅರ್ಜುಮಂದ್‌ಗೆ ಖಾತ್ರಿ ಆತು.

ಬಾವಿ ಕಟ್ಟಿ ಮ್ಯಾಲ ಕುಂತ್ಲು. ಸಿಟ್ಟು ತೋರಿಸಲಿಲ್ಲ. ಸಿಎಚ್‌ಮಾಡ್ ಅಂತ ಬರಿ, ಏಳು ಸೊನ್ನಿ ಸೊನ್ನಿ, ಮುಂದ ಫೋಲ್ಡರ್ ಹೆಸರು… ಅಂತ ಸಾವಕಾಶ ಹೇಳಿ ಬರಸಿದ್ಲು. ಬೇಕಂತಲೇ. ಬಂದ್ ಇದ್ದ ಫೋಲ್ಡರ್ ತೆರೆಯೂ ಆ ಕಮಾಂಡ್ ಫೋಲ್ಡರಿನ ಮಾಲಕರು, ಅಂದ್ರ ಪಕೀರಮ್ಮ, ಬರದ್ರಷ್ಟ ನಡೀತೈತಿ, ಇಲ್ಲಾ ದೊಡ್ಡ ಪಾಸ್‌ವರ್ಡ್ ಇದ್ದ ಅರ್ಜುಮಂದ್ ಬರೀಬೇಕು. ಮತ್ತ ಯಾರ ಬರದ್ರೂ ಮಷೀನು ಒಪ್ಪಂಗಿಲ್ಲ, ಹಂಗ ಪರದೆ ಮ್ಯಾಲ ಬೈತೈತಿ. ಬೈತು ಅಂದ್ರ ಕಳ್ಳ ಸಿಕ್ಕ.

ಆ ಕಡೆಯಿಂದ ಸಪ್ಪಳ ಬಂತು. ಟಕ್… ಬಿಟ್ಟು, ಟಕ್… ಒಂದೇ ಬೆರಳು. ಜಾಗ ಬಿಡೂ ಉದ್ದನ ಗುಂಡಿಗೆ ಧಪ್. ಮತ್ತ ಟಕ್…

"ಏನ್ ಬಂತು?"

"ಏನೂ ಬರಲಿಲ್ರಿ. ಸುಮ್ಮನ ಕೆಳಗಿನ ಸಾಲಿಗೆ ಹೋತು."

ಅರ್ಜುಮಂದ್ ಕಟ್ಟಿ ಬಿಟ್ಟು ಎದ್ದು ನಿಂತ್ಲು. ಲಿನಕ್ಸ್ ತಪ್ಪಾದ್ರ ಮಾತಾಡ್ತೈತಿ. ಹೇಳಿದ ಕೆಲಸ ಆದ್ರ… ಸುಮ್ಮನಿರ್ತೈತಿ.

"ಯಾರ್ರೀ ನೀವು?"

"ಇನ್ನ ಸ್ವಲ್ಪ ಉಳದೈತಿ, ಟೀಚರ್. ಬರದು ಮುಗಸ್ತೀನಿ."

ಫೋನ್ ಕಟ್ ಆತು.

ಅರ್ಜುಮಂದ್ ಆಗಲೂ ನಂಬಲಿಲ್ಲ, ಆಕಿ ಅಂಥಾಕಿ. ನಿಂತ ಕಾಲ ಮ್ಯಾಲ ಶಿವಪ್ರಸಾದಗ ಹಚ್ಚಿದ್ಲು. ಲಿಂಗಸುಗೂರಾಗ ಮಾವನ ಮನ್ಯಾಗ ಅದೀನಿ ಅಂದ. ವಿಡಿಯೋ ಹಚ್ಚು ಅಂದ್ಲು. ಹಚ್ಚಿದ… ತೊಡಿ ಮ್ಯಾಲ ಕೂಸು ಮಲಗಿತ್ತು, ಹಿಂದ ಅತ್ತಿ ಪಾತ್ರಿ ತಿಕ್ಕಾಕತ್ತಿದ್ಲು. ಆ ಮ್ಯಾಲ ಸೆಂಟರ್ ಕಾಯೂ ಗೋಪಣ್ಣಗ ಫೋನ್. ಬಾಗಿಲ ಮುಂದ ಕುಂತೀನಿ, ಬೀಗ ಹಾಕಿದ್ದು ಹಾಕ್ದಂಗ ಐತಿ, ಒಳಗ ಲೈಟ್ ಇಲ್ಲ ಅಂದ. ಕಿವಿ ಹಚ್ಚಿ ಕೇಳು ಅಂದ್ಲು.

ಗೋಪಣ್ಣ ಬಾಗಿಲಿಗೆ ಕಿವಿ ಹಚ್ಚಿದ.

"ಕುರ್ಚಿ ಸರದಂಗಾತ್ರಿ," ಅಂದ. "ನಾ ಬಾಗಿಲ ತೆರ್ಯಂಗಿಲ್ಲ."

ಮುಂಜಾನಿ ಮೊದಲ ಬಸ್ಸಿಗೆ ಸಿಂಧನೂರು. ಗೋಪಣ್ಣನ್ನ ಮುಂದ ನಿಂದ್ರಿಸಿ ತಾನೇ ಬೀಗ ತಗದ್ಲು. ಒಳಗ ಯಾರೂ ಇಲ್ಲ. ಫೋಲ್ಡರ್ ತೆರದಿತ್ತು. ಅರ್ಧ ಇದ್ದ ಅರ್ಜಿ ಪೂರ್ತಿ ಆಗಿತ್ತು. ಆಟೋ ನಂಬರು, ಯಾವ ವಾರ ಬರ್ತೈತಿ, ಹಿತ್ತಲ ಬಾಗಿಲ ಯಾರ ಕೈಯಿಂದ ತೆರೀತೈತಿ… ಎಲ್ಲಾ. ಕಡೀಕ ಪಕೀರಮ್ಮನ ಹೆಸರು. ಕಡತ ಉಳಿಸಿದ ಹೊತ್ತು, ಅದೇ ರಾತ್ರಿ ಹನ್ನೊಂದು ಗಂಟಿ ಹನ್ನೆರಡು ನಿಮಿಷ.

ಇದನ್ನೂ ಯಾರೋ ಬೇಕಂತ ಬರದಿಟ್ಟಾರ ಅಂದ್ಕೊಂಡ್ಲು. ಯಾರಿಗೂ ಹೇಳದ, ಅರ್ಜ್ಯಾಗಿದ್ದ ವಾರ ಬರೂತನಕ ಕಾದು, ಹಾಸ್ಟೆಲ್ ಎದುರಿನ ಚಾ ಅಂಗಡ್ಯಾಗ ಕುಂತ್ಲು. ಆಟೋ ಬಂತು. ಅದೇ ನಂಬರ್. ಆವಾಗ ಅರ್ಜಿ ಮ್ಯಾಲಿನವರಿಗೆ ಮುಟ್ಟಿಸಿದ್ಲು. ವಿಚಾರಣಿ ಆತು, ಮೂರು ಮಂದಿ ಕೆಲಸ ಹೋತು. ಆ ಹುಡುಗ್ಯಾರು ಈಗ ಹೊಟ್ಟಿ ತುಂಬ ಉಣ್ತಾರ.

ನಾನೂ ನಂಬಿದ್ದಿಲ್ಲ ಬಿಡ್ರಿ. ಅದಕ್ಕ ಒಂದಿನ ಹೋಗಿ, ತೋರಿಸು ಅಂದೆ. ಯಾರು ಯಾವಾಗ ಮಷೀನಿನೊಳಗ ಬಂದ್ರು, ಯಾವಾಗ ಹೋದ್ರು ಅಂತ ತೋರಿಸೂ ಒಂದು ಕಮಾಂಡ್ ಐತಂತ, ಲಾಸ್ಟ್ ಅಂತ ಹೆಸರು. ಅದನ್ನ ಬರದ್ಲು. ಪಕೀರಮ್ಮನ ಸಾಲು ಇತ್ತು. ಬಂದದ್ದು ಆ ರಾತ್ರಿ, ಹತ್ತು ಇಪ್ಪತ್ತೆಂಟಕ್ಕ. ಹೋದ ಹೊತ್ತು ಇರಬೇಕಾದ ಜಾಗದಾಗ ಹೊತ್ತು ಇಲ್ಲ. ಇಂಗ್ಲೀಷಿನಾಗ ಮೂರು ಶಬ್ದ. ಓದಿ ಹೇಳು ಅಂದೆ.

ಆ ಮಷೀನು ನನ್ನ ಕಣ್ಣ ಮುಂದ ಎರಡು ಸಲ ಬಂದ್ ಮಾಡಿ ಚಾಲೂ ಮಾಡಿದ್ಲು. ಹಂಗ ಮಾಡಿದ್ರ ಒಳಗಿದ್ದವ್ರೆಲ್ಲಾ ಹೊರಗ ಬಿದ್ದಂಗ ಲೆಕ್ಕ. ಆದ್ರೂ ಆ ಸಾಲು ಹಂಗ ಐತಿ. ಖರೇ ಮಾತು, ಬೇಕಾದ್ರ ನೀವೇ ಹೋಗಿ ನೋಡ್ರಿ…

'ಇನ್ನೂ ಒಳಗ ಅದಾರ' ಅಂತ ಐತಿ.